ಸಿಂಧನೂರಿಗೆ ಠೇಸನ್ ಬಂತು, ಜಂಕ್ಷನ್ ಇನ್ನೂ ವಾಡಿಯಲ್ಲೇ: ಪರೀಕ್ಷಾರ್ಥಿಗಳಿಗೆ ಮುಖ್ಯಾಂಶಗಳು

ರೈಲ್ವೆ ನೇಮಕಾತಿ ಮಂಡಳಿಯ ಅರ್ಜಿ ತುಂಬುವಾಗ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು ಪರೀಕ್ಷೆಗೆ ಹೋಗಿಬರುವ ಉಚಿತ ಪಾಸಿಗಾಗಿ ‘ಹತ್ತಿರದ ರೈಲು ನಿಲ್ದಾಣ’ ಯಾವುದೆಂದು ಬರೆಯಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಮ್ಮ ಮಕ್ಕಳು ವರ್ಷಗಟ್ಟಲೆ ಆ ಜಾಗದಲ್ಲಿ ರಾಯಚೂರು ಎಂದು ಬರೆದರು. ಹತ್ತಿರದ್ದು ಅಂತ ಬರೆದರೂ ಅದು ತೊಂಬತ್ತು ಕಿ.ಮೀ. ಆಸುಪಾಸಿನ ದೂರ. ರಾತ್ರಿ ಬಸ್ಸು ಹಿಡಿದು, ಪ್ಲಾಟ್‌ಫಾರ್ಮಿನ ಮೇಲೆ ಟವೆಲ್ ಹಾಸಿ ಮಲಗಿ, ನಸುಕಿನ ಗಾಡಿ ಹತ್ತಿದವರು ಎಷ್ಟೋ ಮಂದಿ. 2024ರ ಮಾರ್ಚಿನಿಂದ ಅದೇ ಜಾಗದಲ್ಲಿ ಸಿಂಧನೂರು ಎಂದು ಬರೆಯಬಹುದಾಗಿದೆ. ಈ ಒಂದು ಪದ ಬದಲಾಗಲು ನೂರೈವತ್ತು ವರ್ಷ ಏಕೆ ಬೇಕಾಯಿತು ಎಂಬುದನ್ನು ಅರ್ಥ ಮಾಡಿಕೊಂಡರೆ ಈ ಭಾಗದ ರೈಲ್ವೆ ಇತಿಹಾಸದ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಸುಮ್ಮನೆ ಬಾಯಿಪಾಠ ಮಾಡಬೇಡಿ.

ಮೊದಲು ಪದಗಳು

ಮೂರು ಅಥವಾ ಅದಕ್ಕಿಂತ ಹೆಚ್ಚು ದಿಕ್ಕಿಗೆ ಹಳಿ ಹೊರಡುವ ನಿಲ್ದಾಣ ಜಂಕ್ಷನ್. ಹಳಿ ಅಲ್ಲಿಗೇ ಮುಗಿಯುವ ನಿಲ್ದಾಣ ಟರ್ಮಿನಸ್. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ., ಮೀಟರ್‌ಗೇಜ್ 1000 ಮಿ.ಮೀ.

ಜಂಕ್ಷನ್ ಎಂದರೆ ದೊಡ್ಡ ಊರು ಎಂದು ತಿಳಿಯುವುದು ತಪ್ಪು. ಗುಂತಕಲ್, ವಾಡಿ, ಹೊಟಗಿ ಹೆಸರಾದದ್ದು ರೈಲಿನಿಂದಲೇ. ಊರು ದೊಡ್ಡದೆಂದು ಅಲ್ಲಿ ಜಂಕ್ಷನ್ ಆಗಲಿಲ್ಲ. ಹಳಿಗಳು ಅಲ್ಲಿ ಕೂಡಿದವು ಎಂದು ಊರು ಬೆಳೆಯಿತು.

ವಾಡಿ ಜಂಕ್ಷನ್

ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕು. ನಮ್ಮ ಭಾಗದ ಸಣ್ಣ ಊರಿನ ಜಂಕ್ಷನ್‌ಗಳಲ್ಲಿ ಪರೀಕ್ಷೆಯ ದೃಷ್ಟಿಯಿಂದ ಇದಕ್ಕೆ ಮೊದಲ ಸ್ಥಾನ ಕೊಡಿ. ಇಲ್ಲಿಂದ ಒಂದು ಹಳಿ ಕಲಬುರಗಿ, ಸೊಲ್ಲಾಪುರ ದಾಟಿ ಮುಂಬೈಗೆ ಹೋಗುತ್ತದೆ. ಇನ್ನೊಂದು ಯಾದಗಿರಿ, ರಾಯಚೂರು, ಗುಂತಕಲ್ ಮೂಲಕ ಚೆನ್ನೈ ಕಡೆಗೆ. ಮೂರನೆಯದು ಚಿತ್ತಾಪುರ, ತಾಂಡೂರು, ವಿಕಾರಾಬಾದ್ ಮೂಲಕ ಸಿಕಂದರಾಬಾದಿಗೆ.

ಇದರ ಕಥೆ ಹಿಡಿಯಲು ನಾಲ್ಕು ಇಸವಿ ಸಾಕು. 1853ರ ಏಪ್ರಿಲ್ 16ರಂದು ಮುಂಬೈ–ಠಾಣೆ ನಡುವೆ 34 ಕಿ.ಮೀ. ರೈಲು ಓಡಿತು, ಅದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯದು. 1856ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ರಾಯಪುರಂನಿಂದ ವಾಲಾಜಾ ರಸ್ತೆಯವರೆಗೆ ಗಾಡಿ ಓಡಿಸಿತು. 1871ರಲ್ಲಿ ಈ ಎರಡು ಕಂಪನಿಗಳ ಹಳಿ ರಾಯಚೂರಿನಲ್ಲಿ ಕೂಡಿ ಮುಂಬೈ–ಮದ್ರಾಸ್ ನೇರ ಸಂಪರ್ಕವಾಯಿತು. 1874ರಲ್ಲಿ ಆ ಹೆದ್ದಳಿಯಿಂದ ಹೈದರಾಬಾದಿನ ಕಡೆಗೆ ಒಂದು ಕವಲು ಒಡೆಯಿತು. ಕವಲು ಒಡೆದ ಜಾಗವೇ ವಾಡಿ.

ಇಷ್ಟು ದೊಡ್ಡ ಸಂಸ್ಥಾನದ ರಾಜಧಾನಿ ಹೈದರಾಬಾದ್ ಮುಖ್ಯ ಮಾರ್ಗದ ಮೇಲೆ ಏಕೆ ಇರಲಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಬ್ರಿಟಿಷರ ಗುರಿ ಪ್ರೆಸಿಡೆನ್ಸಿಗಳನ್ನು ಒಂದಕ್ಕೊಂದು ಜೋಡಿಸುವುದು: ಮುಂಬೈ ಬಂದರಿನಿಂದ ಮದ್ರಾಸ್ ಬಂದರಿಗೆ ಸೈನ್ಯ, ಹತ್ತಿ, ಟಪಾಲು ಹೋಗಬೇಕು. ಹಳಿ ನಿಜಾಮರ ಸೀಮೆಯನ್ನು ಹಾದುಹೋಯಿತು, ರಾಜಧಾನಿಯನ್ನು ಪಕ್ಕಕ್ಕೆ ಬಿಟ್ಟಿತು. ಒಂದನೇ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ ನಿಜಾಮ್ ಸರ್ಕಾರ ತನ್ನ ಹಣ ಹಾಕಿ ವಾಡಿಯಿಂದ ಸಿಕಂದರಾಬಾದಿಗೆ ಬ್ರಾಡ್‌ಗೇಜ್ ಹಳಿ ಹಾಕಿಸಿಕೊಳ್ಳಬೇಕಾಯಿತು. ದೊರೆಯ ಊರಿಗೆ ರೈಲು ಬಂದದ್ದು ಕವಲುದಾರಿಯಲ್ಲಿ ಎಂಬುದನ್ನು ಗಮನಿಸಿ.

ಮುಂದಿನ ಅಂಶಗಳು ಬೇಗ ಓದಿಕೊಳ್ಳಿ:

• 1883: ಈ ಮಾರ್ಗ ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಕಂಪನಿಗೆ. ‘ಗ್ಯಾರಂಟೀಡ್’ ಎಂದರೆ ಬಂಡವಾಳ ಹೂಡಿದವರಿಗೆ ಇಷ್ಟು ಬಡ್ಡಿ ಬಂದೇ ಬರುತ್ತದೆ ಎಂದು ಸರ್ಕಾರ ಕೊಡುವ ಖಾತರಿ; ಲಾಭವಾಗದಿದ್ದರೆ ಬೊಕ್ಕಸದಿಂದ ತುಂಬಿಕೊಡಬೇಕು. ಬ್ರಿಟಿಷ್ ಭಾರತದ ಆರಂಭದ ಕಂಪನಿಗಳಿಗೆ ಇದ್ದ ಖಾತರಿ ಶೇ. 5.

• ಅದೇ 1883ರಲ್ಲಿ ಈ ಖಾತರಿ ಒಪ್ಪಂದದ ವಿವರ ಜನರಿಗೆ ತಿಳಿಯಬೇಕೆಂದು ಹೈದರಾಬಾದಿನಲ್ಲಿ ಚಳವಳಿ ನಡೆಯಿತು. ಹೆಸರು ಚಾಂದಾ ರೈಲ್ವೆ ಚಳವಳಿ. ಅದರಲ್ಲಿದ್ದ ಅಘೋರನಾಥ ಚಟ್ಟೋಪಾಧ್ಯಾಯರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಅವರು ಸರೋಜಿನಿ ನಾಯ್ಡು ಅವರ ತಂದೆ. ರೈಲಿನ ಹೆಸರಿನಲ್ಲಿ ಸಾಲದ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಆಗಲೇ ಕೇಳಿದವರಿದ್ದರು; ನನಗೆ ಈ ಇಡೀ ಟಿಪ್ಪಣಿಯಲ್ಲಿ ಅತ್ಯಂತ ಗೌರವದ ಸಂಗತಿ ಇದು.

• 1889ರ ಹೊತ್ತಿಗೆ ಹಳಿ ವಾರಂಗಲ್ ಮೂಲಕ ಬೆಜವಾಡಕ್ಕೆ, ಅಂದರೆ ಇಂದಿನ ವಿಜಯವಾಡಕ್ಕೆ ಮುಟ್ಟಿತು.

• 1930: ನಿಜಾಮ್ ಸರ್ಕಾರ ಕಂಪನಿಯಿಂದ ಕೊಂಡುಕೊಂಡಿತು; ‘ಗ್ಯಾರಂಟೀಡ್’ ಪದ ಹೋಗಿ ನಿಜಾಮ್ಸ್ ಸ್ಟೇಟ್ ರೈಲ್ವೆ ಆಯಿತು.

• 1951ರ ನವೆಂಬರ್ 5: ಗ್ರೇಟ್ ಇಂಡಿಯನ್ ಪೆನಿನ್ಸುಲಾ, ನಿಜಾಮ್, ಸಿಂಧಿಯಾ, ಧೋಲ್‌ಪುರ ರೈಲ್ವೆಗಳು ಕೂಡಿ ಮಧ್ಯ ರೈಲ್ವೆ ಹುಟ್ಟಿತು.

• 1966ರ ಅಕ್ಟೋಬರ್ 2: ದಕ್ಷಿಣ ಮಧ್ಯ ರೈಲ್ವೆ, ಕೇಂದ್ರ ಸಿಕಂದರಾಬಾದ್. 1977ರಲ್ಲಿ ಸೊಲ್ಲಾಪುರ ವಿಭಾಗ ಮರಳಿ ಮಧ್ಯ ರೈಲ್ವೆಗೆ, ಗುಂತಕಲ್ ವಿಭಾಗ ದಕ್ಷಿಣ ಮಧ್ಯಕ್ಕೆ.

• 2003ರ ಏಪ್ರಿಲ್ 1: ನೈಋತ್ಯ ರೈಲ್ವೆ, ಕೇಂದ್ರ ಹುಬ್ಬಳ್ಳಿ. ವಿಭಾಗಗಳು ಹುಬ್ಬಳ್ಳಿ, ಬೆಂಗಳೂರು, ಮೈಸೂರು.

ವಾಡಿ ನಿಲ್ದಾಣ ಸೊಲ್ಲಾಪುರ ವಿಭಾಗಕ್ಕೆ, ಅಂದರೆ ಮಧ್ಯ ರೈಲ್ವೆಗೆ ಸೇರಿದ್ದು. ಕರ್ನಾಟಕದಲ್ಲಿದೆ ಎಂದು ನೈಋತ್ಯ ರೈಲ್ವೆ ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ರಾಯಚೂರು ಗುಂತಕಲ್ ವಿಭಾಗದ್ದು, ಸಿಂಧನೂರು ಹುಬ್ಬಳ್ಳಿ ವಿಭಾಗದ್ದು. ಕಲ್ಯಾಣ ಕರ್ನಾಟಕದ ಹಳಿಗಳು ಒಂದೇ ಮನೆಯವಲ್ಲ ಎಂಬುದನ್ನು ನೆನಪಿಡಿ.

ಊರಿನ ಸಂಪತ್ತು ಕಲ್ಲು. ಪಕ್ಕದ ಶಹಾಬಾದಿನ ಹಾಸುಗಲ್ಲು ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲಕ್ಕೆ ಹೋಗಿದೆ. ಅದೇ ಸುಣ್ಣದ ಕಲ್ಲಿನ ಮೇಲೆ ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆ ನಿಂತಿದೆ. ಜಂಕ್ಷನ್ ಇಲ್ಲದಿದ್ದರೆ ಆ ಸಿಮೆಂಟು ಮೂರು ದಿಕ್ಕಿಗೆ ಅಷ್ಟು ಸಲೀಸಾಗಿ ಹೋಗುತ್ತಿರಲಿಲ್ಲ.

ಒಂದು ಗಾಡಿಯ ಮುಖ

ನಾನು ಓದುತ್ತಿದ್ದ ಕಾಲದಲ್ಲಿ ಸಿಕಂದರಾಬಾದಿನಿಂದ ರಾಯಚೂರಿಗೆ ಬರುವಾಗ ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಇಂಜಿನ್ನು ಕಳಚಿಕೊಂಡು ಮುಂದೆ ಹೋಗಿ, ಪಕ್ಕದ ಹಳಿಯ ಮೇಲೆ ಹಿಂದಕ್ಕೆ ಬಂದು, ಕಡೆಯ ಡಬ್ಬಿಗೆ ‘ಧಡ್’ ಎಂದು ಬಡಿದು ಕೂಡಿಕೊಳ್ಳುತ್ತಿತ್ತು. ಆ ಬಡಿತಕ್ಕೆ ಮೇಲಿನ ಬರ್ತಿನಲ್ಲಿ ಮಲಗಿದ್ದವರಿಗೂ ಎಚ್ಚರ. ಅಷ್ಟೊತ್ತು ಮುಂದೆ ನೋಡಿಕೊಂಡು ಕೂತವರು ಈಗ ಬೆನ್ನು ತಿರುಗಿಸಿ ಪ್ರಯಾಣ ಮಾಡಬೇಕು. ಹೊಸಬರು ಗಾಬರಿಯಾಗಿ ‘ಗಾಡಿ ವಾಪಸ್ ಹೊಂಟೈತೇನ್ರೀ?’ ಎಂದು ಕೇಳುತ್ತಿದ್ದರು. ವಾಪಸ್ ಅಲ್ಲ. ಪೂರ್ವದಿಂದ ಬಂದ ಹಳಿ ಮುಂಬೈ ಕಡೆಗೆ ಮುಖ ಮಾಡಿ ಹೆದ್ದಳಿಗೆ ಕೂಡುತ್ತದೆ. ದಕ್ಷಿಣಕ್ಕೆ ಹೋಗಬೇಕಾದ ಗಾಡಿ ಅಲ್ಲಿ ದಿಕ್ಕು ಬದಲಿಸಲೇಬೇಕು. ಇಂಥ ತಿರುವನ್ನು ತಪ್ಪಿಸಲು ಹಾಕುವ ಅಡ್ಡಹಳಿಗೆ ಬೈಪಾಸ್ ಅಥವಾ ಕಾರ್ಡ್ ಲೈನ್ ಎನ್ನುತ್ತಾರೆ.

ಸಿಂಧನೂರಿಗೆ ಗಾಡಿ ಬರತೊಡಗಿದ ಹೊಸದರಲ್ಲಿ ನೋಡಲು ಹೋಗಿದ್ದೆ. ಅಲ್ಲೂ ಇಂಜಿನ್ನು ಕಳಚಿ, ಸುತ್ತುಹಾಕಿ, ಹಿಂದಿನ ತುದಿಗೆ ಬಂದು ಕೂಡಿಕೊಂಡಿತು. ಮೊಮ್ಮಗನ ಕೈಹಿಡಿದು ನಿಂತಿದ್ದ ಒಬ್ಬ ಅಜ್ಜಿ ಡಬ್ಬಿಯ ಮೇಲೆ ಅಂಗೈ ಇಟ್ಟು ಕೇಳಿದಳು: ‘ಯಪ್ಪಾ, ಇದರ ಮಾರಿ ಯಾಕಡಿಗೈತಿ?’ ನಾನು ‘ಬಂದ ದಾರಿಗೇ ಹೊಂಟೈತವ್ವ, ಹುಬ್ಬಳ್ಳಿ ಕಡೀಗೆ’ ಎಂದೆ.

ವಾಡಿಯಲ್ಲಿ ಇಂಜಿನ್ನು ತುದಿ ಬದಲಿಸಿದರೆ ಗಾಡಿ ಹೊಸ ದಿಕ್ಕಿಗೆ ಹೋಗುತ್ತದೆ. ಸಿಂಧನೂರಿನಲ್ಲಿ ತುದಿ ಬದಲಿಸಿದರೆ ಬಂದ ದಿಕ್ಕಿಗೇ ಹೋಗುತ್ತದೆ. ಜಂಕ್ಷನ್ನಿಗೂ ಟರ್ಮಿನಸ್ಸಿಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ನಮ್ಮ ಮೂರು ತಾಲ್ಲೂಕಿನ ರೈಲು ಪ್ರಶ್ನೆಯೂ ಇದೇ.

ದೋಆಬಿನ ಅಂಚಿನಲ್ಲಿ ಹಳಿ, ಒಡಲು ಖಾಲಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಸೀಮೆ ರಾಯಚೂರು ದೋಆಬ್. ಎಡೆದೊರೆ ನಾಡು ಎಂಬುದು ಇದರ ಹಳೆಯ ಕನ್ನಡ ಹೆಸರು. ವಿಜಯನಗರ, ಬಹಮನಿ, ಬಿಜಾಪುರದವರು ಇದಕ್ಕಾಗಿ ಕಾದಾಡಿದರು; 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆ ಗೆದ್ದ. 1853ರಲ್ಲಿ ನಿಜಾಮರು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಖರ್ಚಿನ ಬಾಬ್ತಿಗೆ ಬೇರಾರ್ ಮತ್ತು ಧಾರಾಶಿವದ ಜೊತೆಗೆ ಈ ದೋಆಬನ್ನೂ ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟರು. 1857ರ ದಂಗೆಯಲ್ಲಿ ನಿಜಾಮರು ಬ್ರಿಟಿಷರ ಪರ ನಿಂತದ್ದಕ್ಕೆ 1860ರಲ್ಲಿ ದೋಆಬ್ ವಾಪಸಾಯಿತು, ಬೇರಾರ್ ಮಾತ್ರ ವಾಪಸಾಗಲಿಲ್ಲ. ಲಿಂಗಸುಗೂರು ಆಗ ಸೈನ್ಯದ ಕ್ಯಾಂಟೋನ್ಮೆಂಟ್. ಮುಂದೆ ಅದೇ ಹೆಸರಿನ ಜಿಲ್ಲೆಯೂ ಇತ್ತು, 1905ರಲ್ಲಿ ಆ ಜಿಲ್ಲೆ ರದ್ದಾಯಿತು.

ನಕ್ಷೆ ತೆಗೆದು ನೋಡಿ. ಪೂರ್ವದ ಅಂಚಿನಲ್ಲಿ ರಾಯಚೂರು. ಈಶಾನ್ಯಕ್ಕೆ ವಾಡಿ. ದಕ್ಷಿಣಕ್ಕೆ ಬಳ್ಳಾರಿ, ಹೊಸಪೇಟೆ. ಪಶ್ಚಿಮಕ್ಕೆ ಗದಗ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಮೀಟರ್‌ಗೇಜ್ ಹಳಿ ಹಾಕಿ ಗದಗನ್ನು ಹುಬ್ಬಳ್ಳಿಗೂ ಹೊಟಗಿಗೂ ಬಳ್ಳಾರಿಯ ಕಡೆಗೂ ಜೋಡಿಸಿತು. ಸುತ್ತಲೂ ಉಂಗುರದಂತೆ ಹಳಿ. ಉಂಗುರದ ಒಳಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ಲು, ಕುಷ್ಟಗಿ, ಸುರಪುರ, ಶಹಾಪುರ. ಇಷ್ಟೂ ಊರಿಗೆ 20ನೇ ಶತಮಾನ ಪೂರ್ತಿ ಕಳೆದರೂ ಒಂದು ಸಿಳ್ಳೆ ಕೇಳಿಸಲಿಲ್ಲ.

ಹೋಲಿಕೆಗೆ ಒಂದು ಜೋಡಿ ಕೊಡುತ್ತೇನೆ. ಕೋಲಾರ ಚಿನ್ನದ ಗಣಿಗೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲೇ ಹಳಿ ಬಂತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲೂ ಚಿನ್ನವೇ. ಅಲ್ಲಿನ ಹಳೆಯ ಸುರಂಗಗಳು ಎರಡು ಸಾವಿರ ವರ್ಷದ ಹಿಂದಿನವು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ಗಣಿ ಮತ್ತೆ ಕೆಲಸ ಆರಂಭಿಸಿತು. ಇಂದು ಅದು ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿ. ಹಟ್ಟಿಗೆ ಹಳಿ ಬರಲಿಲ್ಲ. ಚಿನ್ನ ಎರಡೂ ಕಡೆ ಇತ್ತು, ಲಂಡನ್ನಿನ ಬಂಡವಾಳದ ಒತ್ತಡ ಇದ್ದದ್ದು ಕೋಲಾರದಲ್ಲಿ ಎಂಬುದು ನನ್ನ ಎಣಿಕೆ.

ಎರಡನೆಯ ಸರಕು ಭತ್ತ. 1953ರಿಂದ ತುಂಗಭದ್ರಾ ಜಲಾಶಯದ ನೀರು ಎಡದಂಡೆ ಕಾಲುವೆಗೆ ಹರಿಯಿತು. ಗಂಗಾವತಿ, ಕಾರಟಗಿ, ಸಿಂಧನೂರಿನ ಎರೆಭೂಮಿ ಜೋಳದಿಂದ ಭತ್ತಕ್ಕೆ ತಿರುಗಿತು. ಆಂಧ್ರದಿಂದ ಬಂದ ರೈತರ ‘ಕ್ಯಾಂಪ್’ಗಳು ಎದ್ದವು. ಸಿಂಧನೂರು ತಾಲ್ಲೂಕಿನಲ್ಲಿ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳೂ ಇವೆ. ಅಷ್ಟೊಂದು ಸೋನಾಮಸೂರಿ ಲಾರಿಯಲ್ಲೇ ಊರು ಬಿಟ್ಟಿತು.

ಒಂದನೇ ಮಾರ್ಗ: ಗಿಣಿಗೇರಾ – ಸಿಂಧನೂರು – ರಾಯಚೂರು – ಮಹಬೂಬ್‌ನಗರ

ಕಡತದಲ್ಲಿ ಹೆಸರು ಮುನಿರಾಬಾದ್–ಮಹಬೂಬ್‌ನಗರ ಯೋಜನೆ. ಮಂಜೂರಾತಿ 1997–98ರಲ್ಲಿ. ಉದ್ದ ಸುಮಾರು 244 ಕಿ.ಮೀ. ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಿ ಹೊಸಪೇಟೆ–ಗದಗ ಹಳಿಯಿಂದ ಕವಲೊಡೆಯುತ್ತದೆ; ಆದ್ದರಿಂದ ಗಿಣಿಗೇರಾ ಇಂದು ಜಂಕ್ಷನ್. ವಾಡಿಗೆ 1874ರಲ್ಲಿ ಆದದ್ದು ಗಿಣಿಗೇರಾಕ್ಕೆ ಈ ಶತಮಾನದಲ್ಲಿ ಆಯಿತು.

ಹಳಿ ತುಂಡುತುಂಡಾಗಿ ಮುಂದೆ ಬಂತು: ಮೊದಲು ಗಂಗಾವತಿ, ಆಮೇಲೆ ಕಾರಟಗಿ, 2024ರ ಮಾರ್ಚಿನಲ್ಲಿ ಸಿಂಧನೂರು. ಕಾರಟಗಿಗೆ ಬರುತ್ತಿದ್ದ ಯಶವಂತಪುರ ಎಕ್ಸ್‌ಪ್ರೆಸ್ಸನ್ನು ಸಿಂಧನೂರಿಗೆ ವಿಸ್ತರಿಸಿದರು. ಹುಬ್ಬಳ್ಳಿ ಗಾಡಿಯೂ ಇಲ್ಲಿಗೆ ಬರುತ್ತದೆ. ಆ ಕಡೆಯ ತುದಿಯಲ್ಲಿ, ತೆಲಂಗಾಣದಲ್ಲಿ, ಜಕ್ಲೇರ್‌ನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿ.ಮೀ. ಹಳಿಯನ್ನು 2023ರ ಅಕ್ಟೋಬರ್ 1ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಕೃಷ್ಣಾದಿಂದ ರಾಯಚೂರಿಗೆ ಇರುವುದು 1871ರ ಹಳೆಯ ಹೆದ್ದಳಿಯೇ. ಉಳಿದದ್ದು ಸಿಂಧನೂರು–ಮಾನ್ವಿ–ರಾಯಚೂರು ತುಂಡು. ಅದು ಮುಗಿದ ದಿನ ಸಿಂಧನೂರು ಟರ್ಮಿನಸ್ ಆಗಿ ಉಳಿಯುವುದಿಲ್ಲ. ಗಾಡಿ ಇಂಜಿನ್ನು ತಿರುವಿಕೊಳ್ಳದೆ ಮುಂದೆ ಹೋಗುತ್ತದೆ.

ಎರಡನೇ ಮಾರ್ಗ: ಗದಗ – ಲಿಂಗಸುಗೂರು – ವಾಡಿ

ಮಂಜೂರಾತಿ 2013–14. ಉದ್ದ ಸುಮಾರು 257 ಕಿ.ಮೀ. ಗದಗ–ಕೊಪ್ಪಳ ಹಳಿಯ ಮೇಲಿರುವ ತಳಕಲ್ಲಿನಿಂದ ಹೊಸ ಹಳಿ ಕವಲೊಡೆದು ಕುಕನೂರು, ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರದ ಸೀಮೆ ಹಾದು ವಾಡಿಗೆ ಕೂಡಬೇಕು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಗಾಡಿ ಬಂತು.

ಇದು ಮುಗಿದರೆ ವಾಡಿಗೆ ನಾಲ್ಕನೆಯ ದಿಕ್ಕು ಬರುತ್ತದೆ, ಹುಬ್ಬಳ್ಳಿಯಿಂದ ಹೈದರಾಬಾದಿಗೆ ಗುಂತಕಲ್ ಸುತ್ತು ತಪ್ಪುತ್ತದೆ. ರಾಯಚೂರು ದೋಆಬನ್ನು ಪಶ್ಚಿಮದಿಂದ ಈಶಾನ್ಯಕ್ಕೆ ಸೀಳುವ ಮೊದಲ ಹಳಿ ಇದೇ. ಕೃಷ್ಣೆ ಮತ್ತು ಭೀಮೆ ಎರಡನ್ನೂ ದಾಟಬೇಕಾದ್ದರಿಂದ ದೊಡ್ಡ ಸೇತುವೆಗಳ ಕೆಲಸ ಇದರಲ್ಲಿದೆ.

ಮಸ್ಕಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಇಂದು ಕಟ್ಟಿ ಹಿಡಿದಿರುವುದು ರಾಷ್ಟ್ರೀಯ ಹೆದ್ದಾರಿ 150ಎ. ಜೇವರ್ಗಿಯಿಂದ ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಹೀಗೆ ಉತ್ತರದಿಂದ ದಕ್ಷಿಣಕ್ಕೆ ಸಾಗುವ ರಸ್ತೆ. ಹೊಸ ಹಳಿಗಳು ಈ ರಸ್ತೆಯನ್ನು ಅಡ್ಡ ಕತ್ತರಿಸುತ್ತವೆ: ಒಂದು ಸಿಂಧನೂರಿನಲ್ಲಿ, ಒಂದು ಲಿಂಗಸುಗೂರಿನಲ್ಲಿ. ನಡುವಿನ ಮಸ್ಕಿಗೆ ಎರಡರಲ್ಲಿ ಯಾವುದೂ ಇಲ್ಲ. ಅಲ್ಲಿಂದ ಎರಡೂ ಊರು ಸರಿಸುಮಾರು ಒಂದೇ ದೂರ, ಮೂವತ್ತು ಕಿ.ಮೀ. ಒಳಗೆ.

ಮಸ್ಕಿಯನ್ನು ರೈಲು ಮರೆತರೂ ಪ್ರಶ್ನೆಪತ್ರಿಕೆ ಮರೆಯುವುದಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲಿನ ಶಾಸನ ಗುರುತಿಸಿದರು; ಎಚ್. ಕೃಷ್ಣಶಾಸ್ತ್ರಿ ಅದನ್ನು ಪ್ರಕಟಿಸಿದರು. ‘ದೇವಾನಾಂಪಿಯ’ ಎಂದಷ್ಟೇ ಇದ್ದ ದೊರೆ ಅಶೋಕನೇ ಎಂದು ಹೆಸರು ಸಹಿತ ಖಚಿತವಾದದ್ದು ಇಲ್ಲಿಂದ. ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳಲ್ಲೂ ಆ ಹೆಸರಿದೆ. ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ‘ರಾಯ ಅಶೋಕೊ’ ಎಂಬ ಬರಹ ಇರುವ ಶಿಲ್ಪ ಸಿಕ್ಕಿತು. ಹೆಸರು ಮಸ್ಕಿಯಲ್ಲಿ, ಮುಖ ಕನಗನಹಳ್ಳಿಯಲ್ಲಿ. ಲಿಂಗಸುಗೂರು–ವಾಡಿ ಹಳಿ ಮುಗಿದರೆ ಎರಡನ್ನೂ ಒಂದೇ ದಿನದಲ್ಲಿ ನೋಡಿಬರಬಹುದು. ನನ್ನ ವಿದ್ಯಾರ್ಥಿಗಳನ್ನು ಹಾಗೆ ಕರೆದುಕೊಂಡು ಹೋಗಬೇಕೆಂಬ ಆಸೆ ನನಗಿದೆ.

ಮಸ್ಕಿ ಮತ್ತು ಸಿರವಾರ ಹೊಸ ತಾಲ್ಲೂಕುಗಳಾಗಿ 2017–18ರ ಬಜೆಟ್ಟಿನಲ್ಲಿ ಘೋಷಣೆಯಾದವು.

ಎಡವುವ ಜಾಗಗಳು

ಮುಂಬೈ–ಮದ್ರಾಸ್ ಹಳಿಗಳು ಕೂಡಿದ್ದು ರಾಯಚೂರಿನಲ್ಲಿ, 1871. ವಾಡಿ ಕವಲೊಡೆದದ್ದು 1874. ಇವೆರಡನ್ನು ಅದಲುಬದಲು ಮಾಡಬೇಡಿ. ಸಿಂಧನೂರು ಇರುವುದು ಗಿಣಿಗೇರಾ ಮಾರ್ಗದ ಮೇಲೆ, ಲಿಂಗಸುಗೂರು ಗದಗ–ವಾಡಿ ಮಾರ್ಗದ ಮೇಲೆ. ಮುನಿರಾಬಾದ್ ಯೋಜನೆಯ ಹೆಸರು, ಕವಲಿನ ಜಾಗ ಗಿಣಿಗೇರಾ. ಗದಗ–ವಾಡಿ ಯೋಜನೆಯ ಹೆಸರು, ಕವಲಿನ ಜಾಗ ತಳಕಲ್ಲು.

ಕೊನೆಗೆ ಆ ಅರ್ಜಿಯ ವಿಷಯ. ಮೊನ್ನೆ ಮಸ್ಕಿಯ ಒಬ್ಬ ಹುಡುಗಿ ಬಂದು ‘ಸರ, ಹತ್ತಿರದ ಠೇಸನ್ ಅಂತ ಸಿಂಧನೂರು ಬರೀಲೇನ್ರೀ?’ ಎಂದು ಕೇಳಿದಳು. ಪರೀಕ್ಷಾ ಕೇಂದ್ರ ಎಲ್ಲಿ ಕೇಳಿದೀಯವ್ವ ಎಂದೆ. ಹುಬ್ಬಳ್ಳಿ ಎಂದಳು. ಹಾಗಾದರೆ ಸಿಂಧನೂರು ಬರಿ ಎಂದೆ. ಜೊತೆಗೆ ಬಂದಿದ್ದ ಲಿಂಗಸುಗೂರಿನ ಹುಡುಗ ಕೇಳಿದ್ದು ಸಿಕಂದರಾಬಾದ್. ಅವನು ರಾಯಚೂರು ಎಂದೇ ಬರೆದ.